ಸೆಕ್ಯುಲರ್ ಫ್ರಾನ್ಸಿನಲ್ಲಿ ಚರ್ಚಿನ ಛಾವಣಿ ಸೋರಿದರೆ ರಿಪೇರಿ ಯಾರದ್ದು?

ಓದುಗರ ಪ್ರಶ್ನೆ: "ಫ್ರಾನ್ಸ್ ಕಟ್ಟುನಿಟ್ಟಿನ ಸೆಕ್ಯುಲರ್ ದೇಶ ಅಂತಾರೆ. ಸರ್ಕಾರಿ ಶಾಲೆಗೆ ಹುಡುಗಿಯರು ಸ್ಕಾರ್ಫ್ ಹಾಕಿಕೊಂಡು ಹೋಗೋ ಹಾಗಿಲ್ಲ. ಆದರೆ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚ್ ಸುಟ್ಟಾಗ ಅಧ್ಯಕ್ಷರೇ ಮುಂದೆ ನಿಂತು ಕಟ್ಟಿಸಿದರು. ಆ ಚರ್ಚ್ ಸರ್ಕಾರದ್ದೇ ಅಂತೆ. ಇದೆಂಥ ಸೆಕ್ಯುಲರ್?"

ಉತ್ತರ: ಹೌದು, ಕಟ್ಟಡ ಸರ್ಕಾರದ್ದೇ. ಅದೂ ಇವತ್ತು ನಿನ್ನೆಯಿಂದಲ್ಲ, 1789ರಿಂದ. ಆದರೆ ಇಂಥ ಚರ್ಚುಗಳ ರಿಪೇರಿ ಖರ್ಚು ಇವತ್ತಿಗೂ ಸರ್ಕಾರದ ತಲೆ ಮೇಲೆ ಉಳಿದಿರುವುದಕ್ಕೆ ಮುಖ್ಯ ಕಾರಣ ಸರ್ಕಾರದ ಭಕ್ತಿಯಲ್ಲ, 1906ರಲ್ಲಿ ಪೋಪ್ ಹಿಡಿದ ಹಟ. ಕಥೆ ಸ್ವಲ್ಪ ಉದ್ದ ಇದೆ, ಆದರೆ ಮಜವಾಗಿದೆ.

1789ರಲ್ಲಿ ಫ್ರಾನ್ಸಿನ ಕ್ರಾಂತಿ ಶುರುವಾದಾಗ ಖಜಾನೆ ಖಾಲಿ. ದೇಶದ ದೊಡ್ಡ ಜಮೀನ್ದಾರರಲ್ಲಿ ಕ್ಯಾಥೊಲಿಕ್ ಚರ್ಚೂ ಒಂದು. ನವೆಂಬರ್ 2ರಂದು ಸಂಸತ್ತು ಚರ್ಚಿನ ಆಸ್ತಿಯನ್ನೆಲ್ಲ ರಾಷ್ಟ್ರದ ವಶಕ್ಕೆ ತೆಗೆದುಕೊಂಡಿತು. ಜಮೀನು ಹರಾಜಾಯಿತು. ಮುಂದಿನ ಕೆಲವು ವರ್ಷ ಜಗಳ ರಕ್ತಕ್ಕೆ ತಿರುಗಿತು. ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡದ ಪಾದ್ರಿಗಳು ಒಂದೋ ತಲೆಮರೆಸಿಕೊಳ್ಳಬೇಕಾಯಿತು, ಇಲ್ಲವೇ ಜೈಲು, ಗಡೀಪಾರು. 1793ರಲ್ಲಿ ನೋತ್ರ್ ದಾಮನ್ನು 'ವಿವೇಕದ ಮಂದಿರ' ಎಂದು ಘೋಷಿಸಿದರು. ಅದರ ಮುಂಭಾಗದಲ್ಲಿದ್ದ ರಾಜರ ಕಲ್ಲಿನ ಮೂರ್ತಿಗಳ ತಲೆ ಕಡಿದರು. ಪಾಪ, ಅವು ಬೈಬಲ್ಲಿನ ಯೆಹೂದದ ರಾಜರ ಮೂರ್ತಿಗಳು. ಫ್ರಾನ್ಸಿನ ರಾಜರೇ ಇರಬೇಕು ಅಂದುಕೊಂಡು ಜನ ಕಡಿದುಹಾಕಿದ್ದರು. ಅವುಗಳಲ್ಲಿ 21 ತಲೆಗಳು 1977ರಲ್ಲಿ ಪ್ಯಾರಿಸ್ಸಿನ ಒಂದು ಕಟ್ಟಡದಡಿ ಅಗೆಯುವಾಗ ಸಿಕ್ಕಿದವು.

ನೆಪೋಲಿಯನ್ನನಿಗೆ ಈ ಜಗಳ ಮುಗಿಸಬೇಕಿತ್ತು. 1801ರಲ್ಲಿ ಪೋಪ್ ಜೊತೆ ಒಪ್ಪಂದ ಮಾಡಿಕೊಂಡ. ಹೋದ ಆಸ್ತಿಯನ್ನು ಚರ್ಚ್ ವಾಪಸ್ ಕೇಳುವ ಹಾಗಿಲ್ಲ. ಅದಕ್ಕೆ ಬದಲಾಗಿ ಬಿಷಪ್ಪರಿಗೆ, ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡುತ್ತದೆ, ಬಿಷಪ್ಪರ ಹೆಸರನ್ನೂ ಸರ್ಕಾರವೇ ಸೂಚಿಸುತ್ತದೆ. ಆಮೇಲೆ ಪ್ರೊಟೆಸ್ಟೆಂಟ್ ಪಾದ್ರಿಗಳು, ಯಹೂದಿ ರಬ್ಬಿಗಳೂ ಸಂಬಳದ ಪಟ್ಟಿಗೆ ಸೇರಿದರು. ನೂರು ವರ್ಷದ ಮೇಲೆ ಇದು ನಡೆಯಿತು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ 1905ರಲ್ಲಿ ಸಂಬಳ ನಿಂತಾಗ ಕ್ಯಾಥೊಲಿಕರು ಸುಮ್ನೆ ಕೂಗಾಡಲಿಲ್ಲ. 'ಜಮೀನು ಕಿತ್ಕೊಂಡಿರಿ, ಅದರ ಬದಲು ಕೊಡುತ್ತಿದ್ದ ದುಡ್ಡನ್ನೂ ನಿಲ್ಲಿಸಿದಿರಿ' ಎನ್ನುವುದು ಅವರ ವಾದ. ಅದರಲ್ಲಿ ಹುರುಳಿಲ್ಲ ಎನ್ನಲಾಗದು.

ಗಣರಾಜ್ಯದವರ ಸಿಟ್ಟಿಗೂ ಕಾರಣವಿತ್ತು. ಚರ್ಚಿನ ದೊಡ್ಡ ಭಾಗಕ್ಕೆ ರಾಜನೇ ಮರಳಿ ಬರಲಿ ಎಂಬ ಆಸೆ. ಮಕ್ಕಳ ಶಿಕ್ಷಣ ಯಾರ ಕೈಯಲ್ಲಿರಬೇಕು ಎಂಬುದೇ ದೊಡ್ಡ ಕುಸ್ತಿ. 1882ರಲ್ಲಿ ಶಿಕ್ಷಣ ಮಂತ್ರಿ ಜೂಲ್ ಫೆರಿ ಸರ್ಕಾರಿ ಪ್ರಾಥಮಿಕ ಶಾಲೆಯಿಂದ ಧರ್ಮದ ಪಾಠ ತೆಗೆದರು. ಆಮೇಲೆ 1894ರಲ್ಲಿ ಡ್ರೇಫಸ್ ಎಂಬ ಯಹೂದಿ ಸೇನಾಧಿಕಾರಿಯನ್ನು ಗೂಢಚಾರ ಎಂದು ಸುಳ್ಳು ಆರೋಪದ ಮೇಲೆ ಶಿಕ್ಷಿಸಿದರು. ನಿರಪರಾಧಿ ಎಂಬ ತೀರ್ಪು ಬರಲು 1906ರವರೆಗೆ ಕಾಯಬೇಕಾಯಿತು. ಆ ವರ್ಷಗಳಲ್ಲಿ ಕ್ಯಾಥೊಲಿಕ್ ಪತ್ರಿಕೆಗಳಲ್ಲಿ ಹಲವು ಅವನ ವಿರುದ್ಧ ವಿಷ ಕಾರಿದವು. 1902ರಲ್ಲಿ ಪ್ರಧಾನಿಯಾದ ಎಮಿಲ್ ಕೋಂಬ್ ಸೇಡು ತೀರಿಸಿಕೊಳ್ಳುವವರ ಹಾಗೇ ಹೊರಟರು. 1904ರ ಕಾನೂನು ಸನ್ಯಾಸಿ, ಸನ್ಯಾಸಿನಿಯರ ಸಂಘಗಳು ಪಾಠ ಹೇಳುವುದನ್ನೇ ನಿಷೇಧಿಸಿತು. ಸಾವಿರಾರು ಜನ ದೇಶ ಬಿಟ್ಟರು. ವಿಚಿತ್ರ ಅಂದರೆ ಈ ಕೋಂಬ್ ಚಿಕ್ಕವಯಸ್ಸಿನಲ್ಲಿ ಪಾದ್ರಿಯಾಗಲು ಓದಿದವರು.

ಚರ್ಚನ್ನೂ ಸರ್ಕಾರವನ್ನೂ ಬೇರೆ ಮಾಡುವ 1905ರ ಕಾನೂನು ಕೋಂಬ್ ಕೈಯಲ್ಲೇ ಆಗಿದ್ದರೆ ಅದು ಬೇರೆಯದೇ ಆಗುತ್ತಿತ್ತು. ಅದೃಷ್ಟಕ್ಕೆ ಕರಡು ತಿದ್ದಿದವರು ಸಂಸದ ಅರಿಸ್ತಿದ್ ಬ್ರಿಯಾನ್. ಅವರೂ ಆಸ್ತಿಕರಲ್ಲ, ಆದರೆ ಜಗಳ ಹಚ್ಚುವುದಕ್ಕಿಂತ ಮುಗಿಸುವುದು ಮುಖ್ಯ ಎಂದು ತಿಳಿದವರು. ಚರ್ಚೆಯ ವೇಳೆ ಒಬ್ಬ ಸದಸ್ಯ ಎದ್ದು, ಪಾದ್ರಿಗಳು ಬೀದಿಯಲ್ಲಿ ನಿಲುವಂಗಿ ಹಾಕಬಾರದು ಎಂದು ತಿದ್ದುಪಡಿ ತಂದ. ಬ್ರಿಯಾನ್ ಒಪ್ಪಲಿಲ್ಲ. ನಿಲುವಂಗಿ ನಿಷೇಧಿಸಿದರೆ ಪಾದ್ರಿಗಳು, ದರ್ಜಿಗಳು ಸೇರಿ ಇನ್ನೊಂದು ಹೊಸ ಬಟ್ಟೆ ಕಂಡುಹಿಡಿಯುತ್ತಾರೆ ಅಷ್ಟೇ ಎಂದರು. ತಿದ್ದುಪಡಿ ಬಿದ್ದುಹೋಯಿತು. ಕೆಳಮನೆಯಲ್ಲಿ ಕಾನೂನು 341-233 ಮತಗಳಿಂದ ಪಾಸಾಯಿತು. 1905 ಡಿಸೆಂಬರ್ 9ರಂದು ಅಧ್ಯಕ್ಷರ ಸಹಿ ಬಿತ್ತು. ಮೊದಲ ಕಲಮು: ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಎರಡನೆಯದು: ಗಣರಾಜ್ಯ ಯಾವ ಧರ್ಮಕ್ಕೂ ಮಾನ್ಯತೆ, ಸಂಬಳ, ಸಹಾಯಧನ ಕೊಡುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ಗಂಟು ಇರುವ ಜಾಗಕ್ಕೆ ಬಂದೆವು. ಕಾನೂನಿನ ಪ್ರಕಾರ ಪ್ರತಿ ಊರಿನ ಭಕ್ತರು ಒಂದು ಸಂಘ ಮಾಡಿಕೊಳ್ಳಬೇಕು. 1789ರ ನಂತರ ಚರ್ಚಿನ ಹೆಸರಿಗೆ ಬಂದಿದ್ದ ಆಸ್ತಿ ಆ ಸಂಘಕ್ಕೆ ಹೋಗುತ್ತದೆ. ಸರ್ಕಾರದ ಕಟ್ಟಡಗಳನ್ನು ಸಂಘ ಬಿಟ್ಟಿಯಾಗಿ ಬಳಸಬಹುದು, ಆದರೆ ರಿಪೇರಿ, ವಿಮೆ ಎಲ್ಲ ಸಂಘದ್ದೇ ಖರ್ಚು. ಸಂಘಕ್ಕೆ ಕೊಡುವ ಮೊದಲು ಏನೇನಿದೆ ಎಂದು ಪಟ್ಟಿ ಆಗಬೇಕಲ್ಲ? 1906ರ ಆರಂಭದಲ್ಲಿ ಅಧಿಕಾರಿಗಳು ಪುಸ್ತಕ, ಪೆನ್ನು ಹಿಡಿದು ಚರ್ಚುಗಳಿಗೆ ಹೊರಟರು. ಪರಮಪ್ರಸಾದ, ಅಂದರೆ ಪೂಜೆಯ ಪವಿತ್ರ ರೊಟ್ಟಿ ಇಡುವ ಪೆಟ್ಟಿಗೆಯನ್ನೂ ತೆರೆಸಿ ನೋಡಿ ಎಂಬ ಸೂಚನೆ ಹೋಗಿತ್ತು. ಅಲ್ಲಿಗೆ ಬೆಂಕಿ ಹತ್ತಿಕೊಂಡಿತು. ಜನ ಚರ್ಚಿನೊಳಗೆ ಬೆಂಚು, ಕುರ್ಚಿ ಅಡ್ಡ ಇಟ್ಟು ಕೂತರು. ಸೈನಿಕರು ಕೊಡಲಿಯಿಂದ ಬಾಗಿಲು ಒಡೆದರು. ಪಿರನೀಸ್ ಬೆಟ್ಟದ ಕೊಮಿನಾಕ್ ಎಂಬ ಹಳ್ಳಿಯ ಕಡೆ ಕರಡಿ ಆಡಿಸುವವರು ಜಾಸ್ತಿ. ಅವರು ಕರಡಿಗಳನ್ನೇ ತಂದು ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದರು. ಪಟ್ಟಿ ಬರೆಯುವವರ ಪಾಡು ನೀವೇ ಊಹಿಸಿ.

ಎಲ್ಲ ಕಡೆ ಹೀಗೆ ನಗುವ ಹಾಗಿರಲಿಲ್ಲ. ಮಾರ್ಚ್ 6ರಂದು ಉತ್ತರದ ಬೋಶೆಪ್ ಎಂಬ ಊರಿನ ಚರ್ಚಿನಲ್ಲಿ ಒಬ್ಬ ಗುಂಡೇಟಿಗೆ ಸತ್ತ. ಮರುದಿನವೇ ಸರ್ಕಾರ ಬಿತ್ತು. ಹೊಸ ಗೃಹಮಂತ್ರಿ ಜಾರ್ಜ್ ಕ್ಲೆಮಾನ್ಸೋ. ಚರ್ಚ್ ಅಂದರೆ ಉರಿದು ಬೀಳುತ್ತಿದ್ದ ನಾಸ್ತಿಕ. ಆದರೂ ಅವರೇ, ಚರ್ಚಿನಲ್ಲಿ ಮೇಣದಬತ್ತಿಯ ಕಂಬ ಎಷ್ಟಿವೆ ಎಂದು ಎಣಿಸುವ ಕೆಲಸ ಒಂದು ಮನುಷ್ಯಜೀವಕ್ಕೆ ಸಮನಲ್ಲ ಎಂದು ಹೇಳಿ, ಜಗಳ ಇರುವ ಕಡೆ ಪಟ್ಟಿ ನಿಲ್ಲಿಸಿದರು. ನನ್ನನ್ನು ಕೇಳಿದರೆ 1905ರ ಕಾನೂನು ಉಳಿದದ್ದು ಸಂಸತ್ತಿನ ಮತದಿಂದ ಎಷ್ಟೋ ಅಷ್ಟೇ ಈ ಮಾತಿನಿಂದ.

ಅತ್ತ ರೋಮಿನಲ್ಲಿ ಪೋಪ್ 10ನೇ ಪಯಸ್ ಕಾನೂನನ್ನು ಖಂಡಿಸಿದರು. ಆಗಸ್ಟಿನಲ್ಲಿ ಇನ್ನೊಂದು ಪತ್ರ ಬಂತು: ಕ್ಯಾಥೊಲಿಕರು ಯಾವ ಸಂಘವನ್ನೂ ಮಾಡಕೂಡದು. ಊರಿನ ನಾಲ್ಕು ಜನರ ಸಂಘಕ್ಕೆ ಚರ್ಚ್ ಒಪ್ಪಿಸಿದರೆ ಬಿಷಪ್ಪರ ಮಾತು ಯಾರು ಕೇಳುತ್ತಾರೆ ಎಂಬ ಭಯ ಅವರಿಗೆ. ಫ್ರಾನ್ಸಿನ ಬಿಷಪ್ಪರಲ್ಲೇ ಹಲವರು ಏನಾದರೂ ರಾಜಿ ಮಾಡಿಕೊಳ್ಳೋಣ ಎನ್ನುತ್ತಿದ್ದರು. ಪೋಪ್ ಕೇಳಲಿಲ್ಲ.

ಪ್ರೊಟೆಸ್ಟೆಂಟರು, ಯಹೂದಿಗಳು ಸಂಘ ಮಾಡಿಕೊಂಡರು, ತಮ್ಮ ಆಸ್ತಿ ತೆಗೆದುಕೊಂಡರು. ಕ್ಯಾಥೊಲಿಕ್ ಆಸ್ತಿ ತೆಗೆದುಕೊಳ್ಳಲು ಯಾರೂ ಇಲ್ಲ! ಚರ್ಚಿಗೆ ಬೀಗ ಹಾಕಿದರೆ ಮತ್ತೆ ಬೀದಿಜಗಳ. ಹಾಗಾಗಿ 1907ರ ಜನವರಿಯಲ್ಲಿ ಇನ್ನೊಂದು ಕಾನೂನು ಬಂತು. ಸಂಘ ಇಲ್ಲದಿದ್ದರೂ ಪಾದ್ರಿ, ಭಕ್ತರು ಚರ್ಚ್ ಬಳಸಬಹುದು. 1908ರ ಕಾನೂನು, ಸಂಘ ಪಡೆಯದೇ ಬಿಟ್ಟ ಚರ್ಚುಗಳನ್ನು ಆಯಾ ಊರಿನ ಸ್ಥಳೀಯ ಆಡಳಿತಕ್ಕೆ ಕೊಟ್ಟಿತು. ಜೊತೆಗೆ, ಸರ್ಕಾರ ಮತ್ತು ಊರಿನ ಆಡಳಿತ ತಮ್ಮ ಒಡೆತನದ ಚರ್ಚುಗಳ ರಿಪೇರಿಗೆ ದುಡ್ಡು ಹಾಕಬಹುದು ಎಂದಿತು. ಆಸ್ತಿ ಹೋಯಿತು ಎಂದು ಅವತ್ತು ಅತ್ತವರ ಮೊಮ್ಮಕ್ಕಳ ಕಾಲಕ್ಕೆ ಛಾವಣಿ, ಗಂಟೆಗೋಪುರದ ಖರ್ಚು ಮೇಯರ್ ಕಚೇರಿಯದು. ಒಡೆತನಕ್ಕಿಂತ ಇದೇ ವಾಸಿ ಅಲ್ವಾ? 1905ರ ನಂತರ ಕಟ್ಟಿದ ಚರ್ಚುಗಳಿಗೆ ಈ ಸೌಲಭ್ಯವಿಲ್ಲ, ಅವು ಚರ್ಚಿನ ಸ್ವಂತ.

ನಮ್ಮವರು ಇದನ್ನು ಕೇಳಿದ ತಕ್ಷಣ 'ಓ, ಮುಜರಾಯಿ ಇಲಾಖೆ ಥರ' ಅನ್ನುತ್ತಾರೆ. ಅಲ್ಲ. ಮುಜರಾಯಿ ದೇವಸ್ಥಾನದಲ್ಲಿ ಸರ್ಕಾರ ಆಡಳಿತದೊಳಗೇ ಇರುತ್ತದೆ, ಹುಂಡಿ ಎಣಿಸುವಾಗ ಅಧಿಕಾರಿ ಎದುರಿಗೆ ಕೂತಿರುತ್ತಾರೆ. ಫ್ರಾನ್ಸಿನಲ್ಲಿ ಕಲ್ಲು, ಮರ, ಹೆಂಚು ಮಾತ್ರ ಸರ್ಕಾರದ್ದು. ಕಾಣಿಕೆ ಡಬ್ಬಿ ಚರ್ಚಿನದು. ಪಾದ್ರಿ ಯಾರು ಎಂದು ಬಿಷಪ್ ಹೇಳುತ್ತಾರೆ. ಊರಿನ ಚರ್ಚಿನಲ್ಲಿ ಸಂಗೀತ ಕಛೇರಿ ಇಡಬೇಕಾದರೆ ಮೇಯರ್ ಪಾದ್ರಿಯ ಒಪ್ಪಿಗೆ ಕೇಳಬೇಕು. ಮಳೆನೀರು ಒಳಗೆ ತೊಟ್ಟಿಕ್ಕಿದರೆ ಪಾದ್ರಿ ಮೇಯರ್ ಬಾಗಿಲು ತಟ್ಟಬೇಕು.

ನೋತ್ರ್ ದಾಮ್ ವಿಷಯ ಇದೇ ಲೆಕ್ಕ, ಊರಿನ ಬದಲು ಕೇಂದ್ರ ಸರ್ಕಾರ, ಅಷ್ಟೇ. 2019ರ ಏಪ್ರಿಲ್ 15ರಂದು ಬೆಂಕಿ ಬಿದ್ದಾಗ ಮನೆ ಮಾಲೀಕನ ಜಾಗದಲ್ಲಿ ಸರ್ಕಾರ ನಿಂತಿತ್ತು. ದುಡ್ಡು ಮಾತ್ರ ಬಹುಪಾಲು ದಾನದ್ದು, ಸುಮಾರು 84 ಕೋಟಿ ಯೂರೋ. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಕ್ಕಿದ್ದರಿಂದ ಖಜಾನೆಯೂ ಪರೋಕ್ಷವಾಗಿ ತೆತ್ತಿದೆ ಎನ್ನಿ. 2024ರ ಡಿಸೆಂಬರ್ 7ರಂದು ಮತ್ತೆ ಬಾಗಿಲು ತೆರೆದಾಗ ಅಧ್ಯಕ್ಷ ಮ್ಯಾಕ್ರಾನ್ ಹೊರಗೆ ಅಂಗಳದಲ್ಲಿ ಭಾಷಣ ಮಾಡುವುದು ಎಂದು ಗೊತ್ತಾಗಿತ್ತು, ದೇಶದ ಅಧ್ಯಕ್ಷ ಚರ್ಚಿನೊಳಗೆ ಮಾತಾಡಿದರೆ ಚೆನ್ನಾಗಿರಲ್ಲ ಅಂತ. ಬಿರುಗಾಳಿ ಬಂತು, ಭಾಷಣ ಒಳಗೇ ಆಯಿತು. ಅದಕ್ಕೆ ಸ್ವಲ್ಪ ಮೊದಲು ಸಂಸ್ಕೃತಿ ಮಂತ್ರಿ, ಪ್ರವಾಸಿಗಳಿಂದ 5 ಯೂರೋ ಟಿಕೆಟ್ ತೆಗೆದುಕೊಂಡರೆ ಬೇರೆ ಚರ್ಚುಗಳನ್ನು ರಿಪೇರಿ ಮಾಡಿಸಬಹುದು ಎಂದಿದ್ದರು. ಬೇಡ ಎಂದವರು ಚರ್ಚಿನವರು. 1905ರ ಕಾನೂನಿನಲ್ಲೇ ಭೇಟಿಗೆ ಶುಲ್ಕ ಇಲ್ಲ ಎಂದಿದೆ. ಒಂದು ಕಾಲಕ್ಕೆ ಚರ್ಚ್ ಶಪಿಸಿದ ಕಾನೂನು ಈಗ ಅದರದೇ ಗುರಾಣಿ.

ಇನ್ನು ಸ್ಕಾರ್ಫ್. ಅದು 1905ರ ಕಾನೂನಿನಲ್ಲಿ ಇಲ್ಲವೇ ಇಲ್ಲ. ಅದು 2004ರ ಬೇರೆ ಕಾನೂನು. ಸರ್ಕಾರಿ ಶಾಲೆಗಳಿಗೆ ಮಾತ್ರ, ವಿಶ್ವವಿದ್ಯಾಲಯಕ್ಕಿಲ್ಲ. ಕಾಗದದ ಮೇಲೆ ಎಲ್ಲ ಧರ್ಮಕ್ಕೂ ಒಂದೇ, ಪೇಟ ತೆಗೆಯಲು ಒಪ್ಪದ ಸಿಖ್ ಹುಡುಗರನ್ನೂ ಶಾಲೆಯಿಂದ ತೆಗೆದರು. ಸಮರ್ಥಿಸುವವರು 'ಶಾಲೆಯಲ್ಲಿ ಮಕ್ಕಳ ಮೇಲೆ ಯಾರ ಒತ್ತಡವೂ ಬೇಡ' ಎನ್ನುತ್ತಾರೆ. ನನಗೆ ಬ್ರಿಯಾನ್ ಹೇಳಿದ ದರ್ಜಿಯ ಮಾತೇ ಹೆಚ್ಚು ಬುದ್ಧಿವಂತಿಕೆಯದ್ದು ಅನ್ನಿಸುತ್ತದೆ. 2023ರಲ್ಲಿ ಉದ್ದನೆಯ ಅಬಾಯಾ ಗೌನನ್ನೂ ಶಾಲೆಯಲ್ಲಿ ನಿಷೇಧಿಸಬೇಕಾಯಿತು.

ಮುಸ್ಲಿಮರಿಗೆ ಇನ್ನೊಂದು ತಕರಾರಿದೆ. 1905ಕ್ಕೆ ಮೊದಲು ಕಟ್ಟಿದ ಚರ್ಚಿಗೆ ಸರ್ಕಾರದ ರಿಪೇರಿ ಸಿಗುತ್ತದೆ, ಆದರೆ ಫ್ರಾನ್ಸಿನ ಮಸೀದಿಗಳೆಲ್ಲ ಹೆಚ್ಚುಕಮ್ಮಿ ಅದರ ನಂತರದವು. ಪ್ಯಾರಿಸ್ಸಿನ ದೊಡ್ಡ ಮಸೀದಿ ಮಾತ್ರ ಬೇರೆ. ಮೊದಲ ಮಹಾಯುದ್ಧದಲ್ಲಿ ಸತ್ತ ಮುಸ್ಲಿಂ ಸೈನಿಕರ ಗೌರವಕ್ಕೆಂದು 1920ರಲ್ಲಿ ಸಂಸತ್ತು 5 ಲಕ್ಷ ಫ್ರಾಂಕ್ ಕೊಟ್ಟಿತು, 1926ರಲ್ಲಿ ಮಸೀದಿ ತೆರೆಯಿತು. ಅಲ್ಜೀರಿಯಾದ ಕಥೆ ಇದಕ್ಕಿಂತ ಕಹಿ. 1907ರಲ್ಲಿ ಈ ಕಾನೂನು ಅಲ್ಲಿಗೂ ಅನ್ವಯ ಎಂದು ಆದೇಶವಾಯಿತು. ಆದರೆ ವಸಾಹತು ಆಡಳಿತ ಇಮಾಮರಿಗೆ ಭತ್ಯೆ ಕೊಡುತ್ತಾ, ಮಸೀದಿಗಳನ್ನು ತನ್ನ ಹಿಡಿತದಲ್ಲೇ ಇಟ್ಟುಕೊಂಡಿತು. ಧರ್ಮ, ಸರ್ಕಾರ ಬೇರೆ ಬೇರೆ ಇರಲಿ ಎಂದು ಅಲ್ಲಿ ಕೇಳಿದವರು ಮುಸ್ಲಿಂ ವಿದ್ವಾಂಸರು, ಕೊಡದೇ ಇದ್ದದ್ದು ಸೆಕ್ಯುಲರ್ ಫ್ರಾನ್ಸ್.

ಕೊನೆಗೆ ಒಂದು ಪ್ರದೇಶ ಉಳಿಯಿತು. ಅಲ್ಸಾಸ್ ಮತ್ತು ಮೊಸೆಲ್ 1871ರಿಂದ 1918ರವರೆಗೆ ಜರ್ಮನಿಯಲ್ಲಿದ್ದವು. 1905ರ ಕಾನೂನು ಅವಕ್ಕೆ ತಾಗಲೇ ಇಲ್ಲ. ವಾಪಸ್ ಬಂದಾಗ ಜನ ಹಳೆಯ ಪದ್ಧತಿ ಬಿಡಲು ಒಪ್ಪಲಿಲ್ಲ. ಹಾಗಾಗಿ ನೆಪೋಲಿಯನ್ನನ 1801ರ ಒಪ್ಪಂದ ಅಲ್ಲಿ ಇವತ್ತಿಗೂ ಜಾರಿಯಲ್ಲಿದೆ. ಪಾದ್ರಿಗಳಿಗೆ, ರಬ್ಬಿಗಳಿಗೆ ಸರ್ಕಾರದ ಸಂಬಳ ಬರುತ್ತದೆ. ಸ್ಟ್ರಾಸ್‌ಬರ್ಗ್ ಮತ್ತು ಮೆಟ್ಸ್ ಬಿಷಪ್ಪರ ನೇಮಕಕ್ಕೆ ಫ್ರಾನ್ಸಿನ ಅಧ್ಯಕ್ಷರೇ ಸಹಿ ಹಾಕುತ್ತಾರೆ. ಇದು ಸಂವಿಧಾನಕ್ಕೆ ವಿರುದ್ಧ ಎಂದು ಒಂದು ಸಂಘಟನೆ ದೂರು ಕೊಟ್ಟಿತು. 2013ರಲ್ಲಿ ಸಂವಿಧಾನ ಮಂಡಳಿ, ಇರಲಿ ಬಿಡಿ ಎಂದು ತೀರ್ಪು ಕೊಟ್ಟಿತು.