ನಿಂತ ಕಾರಿನಲ್ಲಿ ಸೋರುವ ಕರೆಂಟು

ಮಳೆ ಹಿಡಿಯಿತೆಂದರೆ ಕಾರವಾರದ ಎಷ್ಟೋ ಕಾರುಗಳು ವಾರಗಟ್ಟಲೆ ಶೆಡ್ಡು ಬಿಟ್ಟು ಹೊರಬರುವುದಿಲ್ಲ. ರೈಲು ಹತ್ತಿ ಮುಂಬೈಗೆ ಹೋದವರು ವಾಪಸು ಬಂದು ಕೀ ತಿರುಗಿಸಿದರೆ ಬರೀ ‘ಟಕ್ ಟಕ್’ ಸದ್ದು. ಸುತ್ತ ನಿಂತವರ ತೀರ್ಪು ಆಗಲೇ ಸಿದ್ಧ: ಉಪ್ಪು ಗಾಳಿ ಮಾರಾಯ್ರೆ, ಬ್ಯಾಟರಿ ಹೋಯ್ತು, ಹೊಸದು ಹಾಕ್ಸಿ. ಕರೆಂಟು ಎಲ್ಲಿ ಸೋರುತ್ತಿದೆ ಅಂತ ನೋಡದೆ ಹೊಸದು ಹಾಕಿಸಿದರೆ ಅದೂ ಡೌನ್ ಆಗುತ್ತದೆ, ಅಲ್ವಾ?

ಕೀ ತೆಗೆದ ಮೇಲೂ ಗಡಿಯಾರ, ಅಲಾರಂ, ರಿಮೋಟ್ ಲಾಕ್‌ಗೆ ಚೂರು ಕರೆಂಟು ಬೇಕು. ಸಾಮಾನ್ಯವಾಗಿ 50 ಮಿಲಿಆಂಪಿಯರ್, ಅಂದರೆ 0.05 ಆಂಪಿಯರ್ ಒಳಗಿದ್ದರೆ ದೋಷವಿಲ್ಲ. ಅಷ್ಟಾದರೂ ದಿನಕ್ಕೆ 1.2 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್) ಖರ್ಚು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ತಿಂಗಳೊಳಗೆ ಬರಿದಾಗುತ್ತದೆ, ಸೆಲ್ಫ್ ತಿರುಗಿಸುವ ಕಸುವು ಅದಕ್ಕೂ ಮೊದಲೇ ಹೋಗಿರುತ್ತದೆ. ಡಿಕ್ಕಿಯ 5 ವ್ಯಾಟ್ ಬಲ್ಬೊಂದು ಆರದೆ ಉಳಿದರೆ ಎಳೆತ 0.4 ಆಂಪಿಯರ್. ಎರಡು ಮೂರು ದಿನ ಸಾಕು.

ಉಪ್ಪು ಗಾಳಿಯ ಪಾಲೂ ಇದೆ, ಆದರೆ ಬೇರೆ ದಾರಿಯಲ್ಲಿ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಹರಳುಪ್ಪು ನೀರೊಡೆಯುವುದೂ ಹೀಗೆಯೇ. ಬಾಗಿಲಿನ ಸ್ವಿಚ್ಚಿಗೆ ಈ ತೇವ ಕೂತು ಕಿಲುಬು ಹಿಡಿದರೆ, ಬಾಗಿಲು ಹಾಕಿದ್ದರೂ ತೆರೆದಿದೆ ಎಂದುಕೊಂಡು ಕಾರಿನ ಕಂಪ್ಯೂಟರ್ ಎಚ್ಚರವಾಗೇ ಇರಬಹುದು. ಬ್ಯಾಟರಿಯ ತಲೆಯ ಮೇಲಿನ ಒದ್ದೆ ಕೊಳೆಯಲ್ಲೂ ಕರೆಂಟು ಹರಿಯುತ್ತದೆ. ವೋಲ್ಟ್, ಕರೆಂಟು ಅಳೆಯುವ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ನೆಗೆಟಿವ್‌ಗೆ ಇಟ್ಟು ಕೆಂಪು ಕಡ್ಡಿಯನ್ನು ಸುಮ್ನೆ ಪ್ಲಾಸ್ಟಿಕ್ ಮೇಲೆ ಆಡಿಸಿ. ವೋಲ್ಟ್ ತೋರಿಸಿದರೆ ಒರೆಸುವ ಕೆಲಸ ಬಾಕಿ ಇದೆ. ಇದು ಸಾಮಾನ್ಯವಾಗಿ ಸಣ್ಣ ಸೋರಿಕೆ. ಇದೊಂದೇ ಕಾರಣ ಅಂತ ನಿಲ್ಲಿಸಬೇಡಿ.

ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ನೆಗೆಟಿವ್ ವೈರು ಬಿಚ್ಚಿ ಎರಡು ದಿನ ಬಿಡಿ. 12.6 ವೋಲ್ಟ್ ಹತ್ತಿರವೇ ಉಳಿದರೆ ಬ್ಯಾಟರಿ ಮೇಲೆ ಅನುಮಾನ ಬೇಡ. ಏನೂ ಜೋಡಿಸದೆ 12.2ಕ್ಕೆ ಇಳಿದರೆ, ಅಂದರೆ ಅರ್ಧ ಖಾಲಿಯಾದರೆ, ತಪ್ಪು ಅದರದ್ದೇ.

ಬ್ಯಾಟರಿ ಸರಿಯಿದ್ದರೆ ವೈರು ಮತ್ತೆ ಜೋಡಿಸಿ ಫ್ಯೂಸ್ ನೋಡಬೇಕು. ಹಲವರು ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾರೆ. ನನಗೆ ಅದು ಹಿಡಿಸದು. ಕಿತ್ತು ಮತ್ತೆ ಹಾಕಿದರೆ ಮಲಗಿದ್ದ ಕಂಪ್ಯೂಟರ್ ಏಳುತ್ತದೆ, ಲೆಕ್ಕ ತಪ್ಪುತ್ತದೆ. ಫ್ಯೂಸ್ ಡಬ್ಬಿ ತೆರೆದಿಟ್ಟು, ಬಾಗಿಲ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದಂತೆ ಒತ್ತಿ, ಕೀಯನ್ನು ದೂರ ಇಟ್ಟು ಅರ್ಧ ಗಂಟೆಗೂ ಜಾಸ್ತಿ ಕಾಯಿರಿ. ಫ್ಯೂಸಿನ ಬೆನ್ನ ಮೇಲೆ ಎರಡು ಚುಕ್ಕಿ ಲೋಹ ಕಾಣುತ್ತದೆ. ಮಿಲಿವೋಲ್ಟ್‌ಗೆ ಇಟ್ಟ ಮೀಟರಿನ ಕಡ್ಡಿಗಳನ್ನು ಅಲ್ಲಿ ತಾಗಿಸಿ. ಫ್ಯೂಸಿಗೂ ತುಸು ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಇರುವುದರಿಂದ ಕರೆಂಟು ಹರಿದರೆ ವೋಲ್ಟೇಜ್ ಹುಟ್ಟಲೇಬೇಕು. ಆ ಡಿಕ್ಕಿ ಬಲ್ಬು 10 ಆಂಪಿಯರ್ ಫ್ಯೂಸಿನಲ್ಲಿದ್ದರೆ ಸುಮಾರು 3 ಮಿಲಿವೋಲ್ಟ್ ಕಾಣುತ್ತದೆ. ಸೊನ್ನೆ ಇದ್ದರೆ ಆ ದಾರಿಯಲ್ಲಿ ಸೋರಿಕೆಯಿಲ್ಲ, ಮುಂದಿನ ಫ್ಯೂಸಿಗೆ ಹೋಗಿ.

ಎಲ್ಲೂ ಏನೂ ಸಿಗದಿದ್ದರೆ ನನ್ನ ಅನುಮಾನ ಆಮೇಲೆ ಹಾಕಿಸಿದ ಜಿಪಿಎಸ್, ಡ್ಯಾಶ್‌ಕ್ಯಾಮ್, ಆಂಪ್ಲಿಫೈಯರ್‌ಗಳ ಮೇಲೆ. ಇವನ್ನು ಕೆಲವರು ನೇರ ಬ್ಯಾಟರಿಗೇ ಕಟ್ಟಿರುತ್ತಾರೆ. ಇನ್ನೊಂದು, ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್. ರಾತ್ರಿಯಿಡೀ ನಿಂತ ಎಂಜಿನ್ ತಣ್ಣಗಿದ್ದು ಆಲ್ಟರ್ನೇಟರ್ ಮಾತ್ರ ಕೈಗೆ ಬೆಚ್ಚಗೆ ತಾಗಿದರೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಅದರೊಳಗಿನ ಡಯೋಡ್ ಸೋರುತ್ತಿರುವ ಸಾಧ್ಯತೆ ಜಾಸ್ತಿ. ಆಗ ಹೋಗಬೇಕಾದದ್ದು ಬ್ಯಾಟರಿ ಅಂಗಡಿಗಲ್ಲ, ಆಟೋ ಎಲೆಕ್ಟ್ರಿಷಿಯನ್ ಹತ್ತಿರ.