ಫುಸ್ಹಾ: ಯಾರ ತಾಯ್ನುಡಿಯೂ ಅಲ್ಲದ ಅರಬ್ಬಿ

'ಈಗ' ಅನ್ನುವುದಕ್ಕೆ ಮೊರಾಕ್ಕೊದವರು 'ದಾಬಾ' ಅಂತಾರೆ, ಸಿರಿಯಾದವರು 'ಹಲ್ಲಅ', ಇರಾಕಿನವರು 'ಹಸ್ಸಾ'. ಮೂವರದೂ ಅರಬ್ಬಿಯೇ. ಆದರೆ ಪೆನ್ನು ಹಿಡಿದರೆ ಮೂವರೂ ಬರೆಯುವುದು 'ಅಲ್-ಆನ್' ಎಂದು. ಮನೆಯಲ್ಲಿ ಯಾರೂ ಆಡದ ಈ ಮಾತು ಯಾವ ಅರಬ್ಬಿಗೆ ಸೇರಿದ್ದೋ ಅದೇ ಫುಸ್ಹಾ.

ಪದದ ಅರ್ಥ 'ಅತ್ಯಂತ ಸ್ಪಷ್ಟವಾದದ್ದು, ಸೊಗಸಾಗಿ ನುಡಿದದ್ದು'. ಮನೆಮಾತಿಗೆ ಇರುವ ಹೆಸರು ಆಮ್ಮಿಯ್ಯಾ, ಅಂದರೆ ಸಾಮಾನ್ಯರದ್ದು; ಮೊರಾಕ್ಕೊ, ಅಲ್ಜೀರಿಯಾ ಕಡೆ ದಾರಿಜಾ. ಹೆಸರಿಡುವಾಗಲೇ ಮೇಲುಕೀಳು ಬಂದುಬಿಟ್ಟಿದೆ ನೋಡಿ. ಒಂದೇ ನುಡಿ ಹೀಗೆ ಎರಡು ಅಂತಸ್ತಿನಲ್ಲಿ ಬಾಳುವುದನ್ನು ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1959ರ ಲೇಖನದಲ್ಲಿ 'ಡೈಗ್ಲಾಸಿಯಾ' ಎಂದು ವಿವರಿಸಿದ; ಅವನು ಎತ್ತಿಕೊಂಡ ನಾಲ್ಕು ಉದಾಹರಣೆಗಳಲ್ಲಿ ಅರಬ್ಬಿಯೂ ಒಂದು. ನಮ್ಮ 'ಹೋಗುತ್ತೇನೆ', 'ಹೋಗ್ತೀನಿ' ನಡುವಿನ ಅಂತರ ಅದರ ಮುಂದೆ ಏನೂ ಅಲ್ಲ.

ಫುಸ್ಹಾ ಕಿವಿಗೆ ಬೀಳುವುದು ಮಸೀದಿಯಲ್ಲಿ, ವಾರ್ತೆಯಲ್ಲಿ, ಮಕ್ಕಳ ಕಾರ್ಟೂನುಗಳಲ್ಲಿ. ಓದಿ ಬರೆಯುವಷ್ಟು ಕೈಗೆ ಹತ್ತುವುದು ಮಾತ್ರ ಬಹುಪಾಲು ಶಾಲೆಯಲ್ಲೇ. ನನ್ನ ಮಟ್ಟಿಗೆ ಈ ಪದದ ತಿರುಳು ಇಲ್ಲಿದೆ: 'ನಾನು ಮೊರಾಕ್ಕೊದವಳು' ಅನ್ನುವುದು ಮನೆಯಿಂದ ಬರುತ್ತದೆ, 'ನಾನು ಅರಬ್' ಅನ್ನುವುದರಲ್ಲಿ ದೊಡ್ಡ ಪಾಲು ತರಗತಿಯಿಂದ ಬರುತ್ತದೆ. ಸ್ವಾತಂತ್ರ್ಯ ಬಂದ ಮೇಲೆ (ಮೊರಾಕ್ಕೊಗೆ 1956, ಅಲ್ಜೀರಿಯಾಕ್ಕೆ 1962) ಸರ್ಕಾರಗಳು ಫ್ರೆಂಚನ್ನು ಸರಿಸಿ ಶಾಲೆಗಳಿಗೆ ಅರಬ್ಬಿ ತರಲು ಹೊರಟಿದ್ದು ಸುಮ್ಮನೆ ಅಲ್ಲ. ಅಲ್ಜೀರಿಯಾದಲ್ಲಿ ಕಲಿಸುವವರೇ ಸಾಲದೆ ಈಜಿಪ್ಟಿನಿಂದ ಮೇಷ್ಟ್ರುಗಳನ್ನು ಕರೆಸಬೇಕಾಯಿತು.

ವಲಸೆ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ಸಿರಿಯಾದಿಂದ ಜರ್ಮನಿಗೆ ಬಂದವರ ಕೈಗೆ ಕಚೇರಿಗಳು ಕೊಡುವ ಅರಬ್ಬಿ ಕರಪತ್ರ ಇರುವುದು ಫುಸ್ಹಾದಲ್ಲಿ. ಶಾಲೆ ಕಂಡವರು ಓದುತ್ತಾರೆ, ಕಾಣದವರಿಗೆ ಪಕ್ಕದವರು ಆಮ್ಮಿಯ್ಯಾದಲ್ಲಿ ಬಿಡಿಸಿ ಹೇಳಬೇಕು. ಹೀಗೆ ಬಂದವರಲ್ಲಿ ಅರಬ್ಬರಲ್ಲದ, ಕುರ್ದಿ ನುಡಿಯ ಕುರ್ದರೂ ಇರುತ್ತಾರೆ. ಸಿರಿಯಾವನ್ನು ಆಳುತ್ತಿದ್ದ ಅರಬ್ ರಾಷ್ಟ್ರವಾದಿ ಬಾಥ್ ಪಕ್ಷದ ಕಾಲದ ಶಾಲೆಯಲ್ಲಿ ಅವರೂ ಬೆಳಗಿನ ಸಾಲಿನಲ್ಲಿ ನಿಂತು 'ಒಂದೇ ಅರಬ್ ರಾಷ್ಟ್ರ' ಎಂದು ಕೂಗಿದವರೇ. ಕುರ್ದಿ ಕಲಿಸುವ ಪಾಠವೇ ಇರಲಿಲ್ಲ. ಹಾಗಾಗಿ 'ನಾನು ಅರಬ್ ಅಲ್ಲ' ಎಂಬುದನ್ನೂ ಎಷ್ಟೋ ಜನ ಬರೆಯಬೇಕಾದದ್ದು ಫುಸ್ಹಾದಲ್ಲೇ. ಶಾಲೆ ಲಿಪಿ ಕೊಟ್ಟಿತು, ಗುರುತನ್ನು ಅಂಟಿಸಲು ಆಗಲಿಲ್ಲ.

ನೆದರ್ಲೆಂಡ್ಸಿನದು ಇನ್ನೊಂದು ಕಥೆ. 1969ರ ಒಪ್ಪಂದದ ಮೇಲೆ ದುಡಿಯಲು ಹೋದ ಮೊರಾಕ್ಕೊದವರಲ್ಲಿ ಬಹಳಷ್ಟು ಮಂದಿ ರಿಫ್ ಬೆಟ್ಟಸೀಮೆಯವರು, ಮನೆಮಾತು ತರೀಫಿತ್, ಅರಬ್ಬಿಯಲ್ಲದ ಒಂದು ಬರ್ಬರ್ ನುಡಿ. ಅಲ್ಲಿನ ಸರ್ಕಾರ ಅವರ ಮಕ್ಕಳಿಗೆ 'ತಾಯ್ನುಡಿ' ಪಾಠವೆಂದು ಕಲಿಸಿದ್ದು ಮಾತ್ರ ಫುಸ್ಹಾ! ಮನೆಯಲ್ಲಿ ತರೀಫಿತ್, ಬೀದಿಯಲ್ಲಿ ಡಚ್, ಪಾಠದಲ್ಲಿ ಅಮ್ಮನಿಗೂ ತಿಳಿಯದ ಅರಬ್ಬಿ. 2004ರಲ್ಲಿ ಸರ್ಕಾರದ ನೆರವು ನಿಂತು ಆ ಪಾಠಗಳೂ ನಿಂತವು.

ಈಗಿನ ಹುಡುಗರು ಫೋನಿನಲ್ಲಿ ದಾರಿಜಾವನ್ನು ಲ್ಯಾಟಿನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಆ ಅಕ್ಷರಗಳಿಗೆ ಸಿಗದ 'ಐನ್' ಧ್ವನಿಗೆ 3, 'ಹಾ' ಧ್ವನಿಗೆ 7. ಕಾಸಾಬ್ಲಾಂಕಾದ ಹುಡುಗಿಯೂ ಹೀಗೇ ಬರೆಯುತ್ತಾಳೆ, ಬ್ರಸೆಲ್ಸ್‌ನಲ್ಲಿ ಹುಟ್ಟಿದ ಅವಳ ಚಿಕ್ಕಪ್ಪನ ಮಗನೂ ಹೀಗೇ. ಅವಳು ಬೇಕೆಂದಾಗ ಅರಬ್ಬಿ ಲಿಪಿಗೆ ಹೊರಳಬಲ್ಲಳು. ಅವನಂಥ ಎಷ್ಟೋ ಮಕ್ಕಳಿಗೆ ಅದು ಬರುವುದಿಲ್ಲ.