ಹಳೇ ಕಾರಿಗೆ ಹೊಸ ಸ್ಟೀರಿಯೋ: ಡ್ಯಾಶ್‌ಬೋರ್ಡ್ ಕೊಯ್ಯಲೇಬೇಕಾ?

ಪ್ರಶ್ನೆ: ನಮ್ಮ ತಂದೆಯವರದು 2003ರ ಮಾರುತಿ 800. ಮಂಡ್ಯದಲ್ಲೇ ಓಡಾಟ, ತಿಂಗಳಿಗೆ ಒಂದೆರಡು ಸಲ ಮೈಸೂರು. ಅದರಲ್ಲಿದ್ದ ಕ್ಯಾಸೆಟ್ ಟೇಪು ಕೈಕೊಟ್ಟಿದೆ. ಬ್ಲೂಟೂತ್ ಇರುವುದು ಹಾಕಿಸೋಣ ಅಂತ ಅಂಗಡಿಗೆ ಹೋದರೆ, "ಏಳಿಂಚಿನ ಸ್ಕ್ರೀನ್ ಹಾಕೋಣ ಸಾರ್, ಡ್ಯಾಶ್‌ಬೋರ್ಡ್ ಒಂಚೂರು ಕಟ್ ಮಾಡಬೇಕಾಗುತ್ತೆ" ಅಂದರು. ಅಪ್ಪ ಮಾತ್ರ ಬ್ಲೇಡ್ ಮುಟ್ಟಿಸಕೂಡದು ಅಂತ ಹಟ ಹಿಡಿದಿದ್ದಾರೆ. ಅವರಿಗೆ ಬೆಳಿಗ್ಗೆ ಮೈಸೂರಿನ 100.6 ಬಂದರೆ ಸಾಕು. ಕೊಯ್ಯದೆ ಆಗುವುದೇ ಇಲ್ವಾ?

ಉತ್ತರ: ಆಗುತ್ತದೆ. ಅಪ್ಪನ ಮಾತು ಕೇಳಿ.

ಈ ಪ್ರಶ್ನೆ ಕೇಳುವವರು ನೀವೊಬ್ಬರೇ ಅಲ್ಲ. ಕಾರಿನ ಹೆಸರು ಬದಲಾಗುತ್ತದೆ ಅಷ್ಟೇ. ಒಮ್ಮೆ ಝೆನ್, ಒಮ್ಮೆ ಸ್ಯಾಂಟ್ರೋ, ಒಮ್ಮೆ ಅಜ್ಜನ ಕಾಲದ ಪದ್ಮಿನಿ. ಎಲ್ಲರ ಚಿಂತೆಯೂ ಮುಂದೆ ಕಾಣುವ ತೂತಿನದೇ. ನಿಜವಾದ ತಲೆನೋವು ಆ ತೂತಿನ ಹಿಂದೆ, ವೈರುಗಳಲ್ಲಿರುತ್ತದೆ. ಅದಕ್ಕೆ ಆಮೇಲೆ ಬರೋಣ. ಮೊದಲು ತೂತಿನ ಕಥೆ ಮುಗಿಸಿಬಿಡುತ್ತೇನೆ.

ಕಾರ್ ಸ್ಟೀರಿಯೋದ ಮುಖಕ್ಕೆ ಹೆಚ್ಚುಕಡಿಮೆ ಎಲ್ಲ ದೇಶದಲ್ಲೂ ಒಂದೇ ಅಳತೆ. ಜರ್ಮನಿಯ ಡಿನ್ ಅನ್ನುವ ಮಾನಕ ಸಂಸ್ಥೆಯವರು ಗೊತ್ತುಮಾಡಿದ್ದು, ಅದಕ್ಕೇ ಆ ಅಳತೆಗೂ ಡಿನ್ ಅನ್ನುತ್ತಾರೆ. ಈಗ ಅದೇ ಐಎಸ್ಒ 7736 ಅನ್ನುವ ಅಂತಾರಾಷ್ಟ್ರೀಯ ಅಳತೆ. ಒಂದು ಡಿನ್ ಅಂದರೆ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಎರಡು ಡಿನ್ ಅಂದರೆ ಅಗಲ ಅಷ್ಟೇ, ಎತ್ತರ 100. ಏಳಿಂಚಿನ ಸ್ಕ್ರೀನ್ ಕೂರುವುದು ಈ ಎರಡು ಡಿನ್ ಜಾಗದಲ್ಲಿ. ನಿಮ್ಮ 800ರಲ್ಲಿರುವುದು ಒಂದು ಡಿನ್. ಅಂಗಡಿಯವರು ಕೊಯ್ಯಬೇಕು ಅಂದಿದ್ದು ಆ ಇನ್ನೊಂದು 50 ಮಿಲಿಮೀಟರಿಗಾಗಿ.

ಆದರೆ ಒಂದು ಡಿನ್ ಅಳತೆಯಲ್ಲೇ ಬ್ಲೂಟೂತ್, ಯುಎಸ್‌ಬಿ, ಎಫ್ಎಂ ಎಲ್ಲ ಇರುವ ಸೆಟ್ಟುಗಳು ಬೇಕಾದಷ್ಟು ಸಿಗುತ್ತವೆ. ಹಳೇ ಟೇಪು ಬಿಚ್ಚಿದ ಗೂಡಿಗೇ ನೇರ ಹೋಗಿ ಕೂರುತ್ತವೆ. ಸ್ಕ್ರೀನೇ ಬೇಕು ಅನ್ನುವವರಿಗೆ ಒಂದು ಡಿನ್ ಪೆಟ್ಟಿಗೆಯಿಂದ ಸ್ಕ್ರೀನ್ ಹೊರಬಂದು ಎದ್ದು ನಿಲ್ಲುವ ಮಾಡೆಲ್ಲುಗಳೂ ಇವೆ. ನನ್ನನ್ನು ಕೇಳಿದರೆ ಅದೂ ಬೇಡ. ಎಲ್ಲರ ಜೇಬಿನಲ್ಲೂ ಒಂದು ಸ್ಕ್ರೀನ್ ಇದ್ದೇ ಇದೆಯಲ್ಲ. ಒಂದು ಒಳ್ಳೆಯ ಫೋನ್ ಹೋಲ್ಡರ್ ಹಾಕಿಸಿ, ದಾರಿ ತೋರಿಸುವ ಕೆಲಸ ಅದೇ ಮಾಡುತ್ತದೆ. ಕೊಯ್ದ ಪ್ಲಾಸ್ಟಿಕ್ ಮತ್ತೆ ಕೂಡುವುದಿಲ್ಲ. ಹ್ಯಾಕ್ಸಾ ಬ್ಲೇಡ್ ಆಡಿದ ಡ್ಯಾಶ್‌ಬೋರ್ಡ್ ಎರಡು ಬೇಸಿಗೆ ಕಳೆಯುವುದರೊಳಗೆ ಕಟಕಟ ಅನ್ನಲು ಶುರುಮಾಡುತ್ತದೆ.

ನಿಮ್ಮದಲ್ಲದೆ ಬೇರೆ ಕಾರಿನವರು ಓದುತ್ತಿದ್ದರೆ ಒಂದು ಮಾತು. ಟೇಪಿನ ಕೆಳಗೆ ಅಷ್ಟೇ ಅಗಲದ ಪುಟ್ಟ ಗೂಡು ಇದ್ದರೆ ಅದನ್ನು ಒಮ್ಮೆ ಎಳೆದು ನೋಡಿ. ಎಷ್ಟೋ ಕಾರುಗಳಲ್ಲಿ ಅದು ಬಿಚ್ಚಿಕೊಂಡು ಬರುತ್ತದೆ, ಆಗ ಎರಡು ಡಿನ್ ಜಾಗ ತಾನಾಗೇ ಸಿಗುತ್ತದೆ. ಒಂಬತ್ತಿಂಚಿನ ಆಂಡ್ರಾಯ್ಡ್ ಸೆಟ್ಟಿಗೆ ಮಾತ್ರ ಆ ಕಾರಿಗೆಂದೇ ಮಾಡಿದ ಫ್ರೇಮ್ ಬೇಕು. ಫ್ರೇಮ್ ಸಿಗದಿದ್ದರೆ ಆ ಆಸೆ ಬಿಡಿ.

ಅಗಲ ಎತ್ತರದ ಜತೆ ಆಳವನ್ನೂ ಅಳೆಯಿರಿ. ಇದನ್ನು ಎಲ್ಲರೂ ಮರೆಯುತ್ತಾರೆ. ಸಿಡಿ ಇಲ್ಲದ ಈಗಿನ ಸೆಟ್ಟುಗಳು ಮೋಟು, ಹಾಗಾಗಿ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಹಿಂದೆ ವೈರಿನ ಕಂತೆ ಇರುತ್ತದಲ್ಲ, ಅದಕ್ಕೂ ನಾಲ್ಕು ಬೆರಳು ಜಾಗ ಬೇಕು. ಸೆಟ್ಟು ಪೂರ್ತಿ ಒಳಗೆ ಹೋಗದೆ ಮೂತಿ ಹೊರಗಿಟ್ಟುಕೊಂಡು ಕೂತಿದ್ದರೆ ಹಿಂದೆ ವೈರು ಅಡ್ಡ ಬಂದಿದೆ ಅಂತಲೇ ಅರ್ಥ. ಒತ್ತಿ ತುರುಕಬೇಡಿ.

ಈಗ ವೈರು. ಹಳೇ ಸೆಟ್ಟು ಈಚೆ ಎಳೆದಾಗ ಹಿಂದೆ ಒಂದು ಪ್ಲಾಸ್ಟಿಕ್ ಕಪ್ಲರ್ ಕಾಣುತ್ತದೆ. ಅದನ್ನು ಕತ್ತರಿಸಿ ವೈರುಗಳನ್ನು ಕೈಯಲ್ಲೇ ತಿರುಚಿ ಟೇಪು ಸುತ್ತುವುದು ನಮ್ಮ ಕಡೆ ನಡೆದುಬಂದ ಪದ್ಧತಿ. ಹಾಗೆ ಮಾಡಲು ಬಿಡಬೇಡಿ. ಕಪ್ಲರಿಗೆ ಸರಿಹೊಂದುವ ಅಡಾಪ್ಟರ್ ವೈರು ಸಿಕ್ಕರೆ ಕತ್ತರಿಯ ಕೆಲಸವೇ ಇಲ್ಲ. ನಿಮ್ಮ ಕಾರಿನಲ್ಲಿ ಯಾರೋ ಹಿಂದೆಯೇ ಕತ್ತರಿಸಿದ್ದಾರೆ ಅಂದುಕೊಳ್ಳಿ, ಇಪ್ಪತ್ತು ವರ್ಷದ ಕಾರು, ಆ ಸಾಧ್ಯತೆಯೇ ಜಾಸ್ತಿ. ಆಗ ಪ್ರತಿ ಜಾಯಿಂಟನ್ನೂ ಬೆಸುಗೆ ಹಾಕಿಸಿ ಅಥವಾ ಕ್ರಿಂಪ್ ಮಾಡಿಸಿ, ಅಂದರೆ ಲೋಹದ ಪುಟ್ಟ ಕೊಳವೆಯೊಳಗಿಟ್ಟು ಒತ್ತಿ ಬಿಗಿಸಿ. ಬರೀ ಇನ್ಸುಲೇಷನ್ ಟೇಪಿನ ಅಂಟು ಏಪ್ರಿಲ್ ಬಿಸಿಲಿಗೆ ಬೆಲ್ಲದ ಪಾಕದ ಹಾಗೆ ಕರಗಿ ಟೇಪು ಜಾರುತ್ತದೆ. ಮೇಲೆ ಬಿಸಿಗೆ ಕುಗ್ಗಿ ಹಿಡಿದುಕೊಳ್ಳುವ ಸ್ಲೀವ್ ಇರಲಿ.

ಹೊಸ ಸೆಟ್ಟಿನಿಂದ ಬರುವ ವೈರುಗಳಲ್ಲಿ ಮೂರು ಮುಖ್ಯ. ಹಳದಿ ಸದಾ ಬ್ಯಾಟರಿಗೆ, ನೆನಪು ಉಳಿಸಿಕೊಳ್ಳಲು. ಕೆಂಪು, ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಕಡೆಗೆ. ಕಪ್ಪು ಅರ್ಥ್, ಅಂದರೆ ಕಾರಿನ ತಗಡಿನ ಬಾಡಿಗೆ. ಹಳದಿ ಮತ್ತು ಕೆಂಪನ್ನು ಒಟ್ಟಿಗೆ ಸೇರಿಸಿ ಬ್ಯಾಟರಿಗೆ ಕೊಟ್ಟರೂ ಸೆಟ್ಟು ಹಾಡುತ್ತದೆ. ಅವಸರದಲ್ಲಿರುವ ಅಂಗಡಿಯವರು ಹಾಗೇ ಮಾಡಿ ಕಳಿಸುತ್ತಾರೆ. ಆದರೆ ಕೀ ತೆಗೆದ ಮೇಲೂ ಸೆಟ್ಟು ಮಲಗುವುದಿಲ್ಲ. ಲೆಕ್ಕ ಹಾಕಿ ನೋಡಿ: ಅರ್ಧ ಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 12 ಆಂಪಿಯರ್ ಅವರ್. ಸಣ್ಣ ಕಾರಿನ ಬ್ಯಾಟರಿ ಇರುವುದೇ 35ರ ಆಸುಪಾಸು. ಶನಿವಾರ ನಿಲ್ಲಿಸಿದ ಕಾರನ್ನು ಸೋಮವಾರ ತಳ್ಳಬೇಕಾಗುತ್ತದೆ. ಎರಡನ್ನೂ ಕೀ ಕಡೆಗೇ ಕೊಟ್ಟರೆ ಬ್ಯಾಟರಿ ಉಳಿಯುತ್ತದೆ, ಆದರೆ ಪ್ರತಿ ಸಲ ಗಡಿಯಾರ, ಸ್ಟೇಷನ್ನು ಎಲ್ಲ ಮರೆತು ಸೆಟ್ಟು ಹೊಸದಾಗಿ ಹುಟ್ಟಿಬರುತ್ತದೆ. ಕಾರಿನ ಕಡೆಯ ವೈರುಗಳ ಬಣ್ಣ ನಂಬಿ ಕೂರಬೇಡಿ. 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಹಿಡಿದು, ಕೀ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ. ಹಳದಿಗೆ ಫ್ಯೂಸ್ ಇರಲೇಬೇಕು.

ಸ್ಪೀಕರ್ ವಿಷಯದಲ್ಲಿ ನಾವು ಕೈ ಸುಟ್ಟುಕೊಂಡವರು. ನಮ್ಮ ಸೋದರಮಾವನ ಪದ್ಮಿನಿಗೆ ಮೈಸೂರಿನಲ್ಲೇ ಒಂದು ಕಡೆ ಹೊಸ ಸೆಟ್ಟು ಹಾಕಿಸಿದೆವು. ಹಿಂದಿನ ಎರಡು ಸ್ಪೀಕರುಗಳಿಗೆ ಒಂದೊಂದೇ ವೈರು ಬಂದಿತ್ತು, ಇನ್ನೊಂದು ತುದಿಯನ್ನು ಬಾಡಿಗೆ ಸ್ಕ್ರೂ ಹಾಕಿ ಬಿಗಿದಿದ್ದರು. ಹೊಸ ಸೆಟ್ಟಿನ ಮೈನಸ್ ವೈರುಗಳನ್ನೂ ಆ ಹುಡುಗ ಬಾಡಿಗೇ ಕೊಟ್ಟ. "ಅರ್ಥ್ ಎಲ್ಲಾ ಒಂದೇ ಅಲ್ವಾ ಸಾರ್" ಅಂದ. ನಾವೂ ಹೂಂ ಅಂದೆವು. ಅರ್ಧ ಹಾಡು ಮುಗಿಯುವಷ್ಟರಲ್ಲಿ ಸುಟ್ಟ ವಾಸನೆ. ಆಮೇಲೆ ಸೆಟ್ಟು ಬಾಯಿ ಬಿಡಲೇ ಇಲ್ಲ.

ಎಡವಟ್ಟಾಗಿದ್ದು ಇಲ್ಲಿ. ಹಳೇ ರೇಡಿಯೋ ಸ್ಪೀಕರಿಗೆ ಒಂದು ವೈರಿನಲ್ಲಿ ಮಾತ್ರ ಸಿಗ್ನಲ್ ಕಳಿಸುತ್ತಿತ್ತು, ಇನ್ನೊಂದು ತುದಿ ಅರ್ಥ್ ಆಗಿದ್ದರೆ ನಡೆಯುತ್ತಿತ್ತು. ಈಗಿನ ಸೆಟ್ಟುಗಳಲ್ಲಿ ಎರಡು ವೈರಿಗೂ ಕೆಲಸ ಇದೆ. ಮೊಸರು ಕಡೆಯುವ ಹಗ್ಗದ ಹಾಗೆ, ಒಂದು ತುದಿ ಎಳೆದಾಗ ಇನ್ನೊಂದು ತುದಿ ಬಿಟ್ಟುಕೊಡಬೇಕು. ಒಂದು ತುದಿಯನ್ನು ಕಂಬಕ್ಕೆ ಬಿಗಿದು ಕಡೆಯಿರಿ ಅಂದರೆ ಹೇಗೆ? ಸ್ಪೀಕರಿನ ಮೈನಸ್ಸನ್ನು ಬಾಡಿಗೆ ಕೊಡುವುದೂ ಅಂಥದ್ದೇ, ಒಳಗಿನ ಆ್ಯಂಪ್ಲಿಫೈಯರ್ ಐಸಿಗೆ, ಅಂದರೆ ಸದ್ದು ಹೆಚ್ಚಿಸುವ ಚಿಪ್ಪಿಗೆ, ಶಾರ್ಟ್ ಆಗುತ್ತದೆ. ಒಳ್ಳೆಯ ಸೆಟ್ಟಾದರೆ ತನ್ನನ್ನು ತಾನೇ ಆಫ್ ಮಾಡಿಕೊಂಡು ಬದುಕುತ್ತದೆ. ನಮ್ಮದು ಅಷ್ಟು ಒಳ್ಳೆಯದಾಗಿರಲಿಲ್ಲ. ಹಾಗಾಗಿ ಪ್ರತಿ ಸ್ಪೀಕರಿಗೂ ಸೆಟ್ಟಿನಿಂದ ಎರಡೆರಡು ವೈರು ಬೇರೆಬೇರೆಯಾಗಿ ಹೋಗಬೇಕು. ಹಳೇ ವೈರಿಂಗ್ ಬಗ್ಗೆ ಅನುಮಾನ ಬಂದರೆ ಹೊಸದಾಗಿ ಎಳೆಸಿ. ಸಣ್ಣ ಕಾರಿಗೆ ಅದೇನು ಮಹಾ ಉದ್ದದ ವೈರಲ್ಲ.

ಹೊಸ ಸೆಟ್ಟಿನ ಸ್ಪೀಕರ್ ಬಣ್ಣಗಳು ಸಾಮಾನ್ಯವಾಗಿ ಹೀಗಿರುತ್ತವೆ: ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಮೈನಸ್. ಕಾರಿನ ಸ್ಪೀಕರಿನಲ್ಲಿ ಪ್ಲಸ್ ಯಾವುದೆಂದು ತಿಳಿಯದಿದ್ದರೆ ಗೋಡೆ ಗಡಿಯಾರದ ಸೆಲ್ ಒಂದು ತನ್ನಿ. ಸೆಟ್ಟಿನಿಂದ ಬಿಡಿಸಿದ ಎರಡು ವೈರನ್ನು ಸೆಲ್ಲಿನ ಎರಡು ತುದಿಗೆ ಒಂದು ಕ್ಷಣ ತಾಗಿಸಿದರೆ 'ಟಪ್' ಅನ್ನುತ್ತದೆ. ಆಗ ಸ್ಪೀಕರಿನ ಕಾಗದ ಹೊರಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ಸಿಗೆ ತಾಗಿದ್ದೇ ಸ್ಪೀಕರಿನ ಪ್ಲಸ್. ಒಳಕ್ಕೆ ಹೋದರೆ ಉಲ್ಟಾ. ಇದನ್ನು ನೋಡದೆ ಒಂದು ಸ್ಪೀಕರ್ ಉಲ್ಟಾ ಕೊಟ್ಟರೆ ಏನೂ ಸುಡುವುದಿಲ್ಲ, ಆದರೆ ತಬಲದ ಡಗ್ಗ ಎಲ್ಲೋ ಮಾಯವಾಗಿರುತ್ತದೆ. ಜನ ಸುಮ್ನೆ ಸೆಟ್ಟಿಗೆ ಬೈಯುತ್ತಾರೆ.

ಡಬ್ಬಿಯ ಮೇಲೆ '50 ವಾಟ್ × 4' ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14.4 ವೋಲ್ಟು. ಅಷ್ಟರಲ್ಲಿ 4 ಓಮ್ ಸ್ಪೀಕರಿಗೆ ಒಂದೇ ಸಮನೆ ಕೊಡಲಾಗುವುದು 20 ವಾಟ್ ಸುಮಾರು. ಮಂಡ್ಯದಿಂದ ಮೈಸೂರಿಗೆ ಹೋಗಿಬರಲು ಅದು ಬೇಕಾದಷ್ಟಾಯಿತು. ದುಡ್ಡು ಉಳಿದರೆ ಸ್ಪೀಕರಿಗೆ ಹಾಕಿ.

ಹಾಕಿಸಿದ ಮೇಲೆ ಆಕ್ಸಿಲರೇಟರ್ ಒತ್ತಿದಂತೆಲ್ಲ 'ಕುಂಯ್' ಅನ್ನುವ ಸದ್ದು ಏರಿದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು. ಬಹಳ ಸಲ ಕಪ್ಪು ವೈರನ್ನು ಪೇಂಟು, ತುಕ್ಕಿನ ಮೇಲೆ ಬಿಗಿದಿರುತ್ತಾರೆ. ಆ ಜಾಗವನ್ನು ಮರಳುಕಾಗದದಲ್ಲಿ ಉಜ್ಜಿ, ತಗಡು ಹೊಳೆದ ಮೇಲೆ ಬಿಗಿಸಿ ನೋಡಿ. ಕೆಲಸ ಶುರುಮಾಡುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಬೇಕು ಅಂತ ಬೇರೆ ಹೇಳಬೇಕಿಲ್ಲ ತಾನೆ?

ಇನ್ನು ಅಪ್ಪನ 100.6. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಶುರುಮಾಡಿದ ಆಕಾಶವಾಣಿಯ ಊರು ನಮ್ಮ ಮೈಸೂರು. ಇಲ್ಲಿ ಸ್ಟೀರಿಯೋ ಹಾಕಿಸಿ ರೇಡಿಯೋ ಬರಲಿಲ್ಲ ಅಂದರೆ ಹೇಗೆ? ಆದರೆ ಬರದೇ ಇರಬಹುದು. ವಿದೇಶದಿಂದ ನೆಂಟರು ತಂದುಕೊಟ್ಟ ಸೆಟ್ಟು, ಸೆಕೆಂಡ್‌ಹ್ಯಾಂಡ್ ಸೆಟ್ಟು ಆದರೆ ಹುಷಾರು. ಜಪಾನಿನಲ್ಲೇ ಬಳಸಲು ಮಾಡಿದ ಹಳೇ ಸೆಟ್ಟುಗಳ ಎಫ್ಎಂ 76ರಿಂದ 90ಕ್ಕೇ ನಿಲ್ಲುತ್ತದೆ. ನೂರು ಮುಟ್ಟುವುದೇ ಇಲ್ಲ, ಅದನ್ನು ಕೊಳ್ಳಲೇಬೇಡಿ. ಅಮೆರಿಕದ ಸೆಟ್ಟಿನದು ಇನ್ನೊಂದು ತಮಾಷೆ. ಅಲ್ಲಿ ಸ್ಟೇಷನ್ನುಗಳೆಲ್ಲ ಬೆಸ ಅಂಕಿಯಲ್ಲೇ ಮುಗಿಯುತ್ತವೆ. ಹಾಗಾಗಿ ಬಟನ್ ಒತ್ತಿದರೆ 100.5, ಮತ್ತೆ ಒತ್ತಿದರೆ 100.7. ನಡುವಿನ 100.6ರಲ್ಲಿ ನಿಲ್ಲುವುದೇ ಇಲ್ಲ. ಎರಡರಲ್ಲೂ ವಾರ್ತೆ ಓದುವವರಿಗೆ ನೆಗಡಿ ಆದಂತೆ ಕೇಳುತ್ತದೆ. ಬೆಂಗಳೂರಿನ 101.3 ಮಾತ್ರ ಸಲೀಸಾಗಿ ಸಿಕ್ಕುತ್ತದೆ, ಅದು ಬೆಸ ಅಂಕಿ ನೋಡಿ. ಇದಕ್ಕೆ ಮೆಕ್ಯಾನಿಕ್ ಬೇಡ. ಸೆಟ್ಟಿಂಗ್ಸಿನಲ್ಲಿ ರೇಡಿಯೋ ಏರಿಯಾ ಅಥವಾ ರೀಜನ್ ಅಂತ ಇರುತ್ತದೆ. ಅಮೆರಿಕ ತೆಗೆದು ಏಷ್ಯಾ ಅಥವಾ ಯುರೋಪ್ ಮಾಡಿ. ಆಮೇಲೂ ಗೊರಗೊರ ಅಂದರೆ ಆಂಟೆನಾ ವೈರಿನ ಪಿನ್ ಹಿಂದೆ ಸರಿಯಾಗಿ ಕೂತಿಲ್ಲ. ಸೆಟ್ಟನ್ನು ಮತ್ತೆ ಈಚೆ ಎಳೆದು, 'ಟಕ್' ಅನ್ನುವವರೆಗೆ ಒತ್ತಿ.